ಕೋಡಿಬೆಂಗ್ರೆಯಲ್ಲಿ ಆರು ದಿನ: ಜೋಳದ ಹಿಟ್ಟು ಮನೆಯದು, ಅಕ್ಕಿ ಇಲ್ಲಿಯದು

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಡಿಸೆಂಬರ್ ಕೊನೆಯ ವಾರ ಉಡುಪಿ ಹತ್ತಿರದ ಕೋಡಿಬೆಂಗ್ರೆಯಲ್ಲಿ ಅಡುಗೆಮನೆ ಇರುವ ಹೋಂಸ್ಟೇ ಒಂದನ್ನು ಆರು ದಿನಕ್ಕೆ ಗೊತ್ತು ಮಾಡಿದ್ದೇವೆ. ಅತ್ತೆ, ಮಾವ, ನಾವಿಬ್ಬರು, ನಾದಿನಿ, ಒಂಬತ್ತು ವರ್ಷದ ಮಗ, ಎರಡು ವರ್ಷದ ಮಗಳು, ಒಟ್ಟು ಏಳು ಮಂದಿ. ಮಾವನಿಗೆ ಸಕ್ಕರೆ ಕಾಯಿಲೆ ಇದೆ, ರೊಟ್ಟಿ ಇಲ್ಲದೆ ಊಟ ಆಗುವುದಿಲ್ಲ. ಅತ್ತೆ, ಮಾವ ಸಸ್ಯಾಹಾರಿಗಳು, ಉಳಿದವರಿಗೆ ಮೀನು ಬೇಕು. ದ್ವೀಪದಂಥ ಪ್ರವಾಸಿ ಜಾಗದಲ್ಲಿ ಎಲ್ಲದಕ್ಕೂ ದುಪ್ಪಟ್ಟು ಬೆಲೆ ಎಂದು ಗೆಳತಿಯರು ಹೆದರಿಸಿದ್ದಾರೆ. ದಿನಸಿಯನ್ನೆಲ್ಲ ಮನೆಯಿಂದ ಹೊತ್ತು ತರುವುದೇ, ದಾರಿಯ ಸೂಪರ್‌ಮಾರ್ಕೆಟ್‌ನಲ್ಲಿ ತುಂಬಿಕೊಳ್ಳುವುದೇ, ಅಲ್ಲೇ ಕೊಳ್ಳುವುದೇ?

ಉತ್ತರ: ಮನೆಯಿಂದ ಒಂದು ಚೀಲ, ಸೂಪರ್‌ಮಾರ್ಕೆಟ್‌ನಿಂದ ಎರಡು ಚೀಲ, ಉಳಿದದ್ದು ದಿನದಿನಕ್ಕೆ ಬೆಂಗ್ರೆಯಲ್ಲೇ. ಯಾವುದು ಯಾವ ಚೀಲಕ್ಕೆ ಎಂಬುದಕ್ಕೆ ನಾನು ಒಂದೇ ಅಳತೆಗೋಲು ಇಟ್ಟುಕೊಂಡಿದ್ದೇನೆ. ಈ ಊರಿನವರು ದಿನಾ ತಿನ್ನುವ ವಸ್ತುವನ್ನು ಈ ಊರಿನಲ್ಲೇ ಕೊಳ್ಳಿ, ನಿಮ್ಮ ಮನೆಯವರು ಮಾತ್ರ ತಿನ್ನುವುದನ್ನು ನಿಮ್ಮ ಮನೆಯಿಂದ ತನ್ನಿ. ಗೃಹವಿಜ್ಞಾನ ಪಾಠ ಹೇಳಿ ನಿವೃತ್ತಳಾದ ನಾನು ಕಲ್ಯಾಣಪುರದ ಕಡೆಯವಳು. ಬೆಂಗ್ರೆಗೆ ಬರುವ ನೆಂಟರಿಗೂ ಇದನ್ನೇ ಹೇಳುತ್ತೇನೆ. ಎಲ್ಲರೂ ಬೆಲೆಯ ಚಿಂತೆಯಲ್ಲೇ ಬರುತ್ತಾರೆ. ಆದರೆ ಪ್ರವಾಸಿ ಜಾಗದಲ್ಲಿ ಊಟ ಕೆಡುವುದು ಹೆಚ್ಚಾಗಿ ಬೆಲೆಯಿಂದಲ್ಲ, ಸರಕು ಅಂಗಡಿಯಲ್ಲಿ ಎಷ್ಟು ದಿನ ಕೂತಿತ್ತು ಎಂಬುದರಿಂದ.

ನಿಮ್ಮ ಮಾವನ ಜೋಳದ ಹಿಟ್ಟನ್ನೇ ತೆಗೆದುಕೊಳ್ಳಿ. ಉಡುಪಿ, ಮಣಿಪಾಲದ ಸೂಪರ್‌ಮಾರ್ಕೆಟ್‌ಗಳಲ್ಲಿ ಅದು ಸಿಗುತ್ತದೆ. ಆದರೆ ನಮ್ಮ ಕರಾವಳಿಯಲ್ಲಿ ಜೋಳದ ರೊಟ್ಟಿ ದಿನನಿತ್ಯದ ಊಟ ಅಲ್ಲ. ಹುಬ್ಬಳ್ಳಿಯ ಗಿರಣಿಯಲ್ಲಿ ಬೆಳಿಗ್ಗೆ ಬೀಸಿದ ಹಿಟ್ಟು ಸಂಜೆಗೆ ಖಾಲಿಯಾದರೆ, ಇಲ್ಲಿ ಅದೇ ಹಿಟ್ಟಿನ ಪೊಟ್ಟಣ ಕಪಾಟಿನಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ, ಬಡಿಯುವಾಗ ಅಂಚು ಸೀಳುತ್ತದೆ, ಬಾಯಿಗೆ ಕಹಿ ಬರುತ್ತದೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದ್ದರಿಂದ ಹಿಟ್ಟು ಮನೆಯಿಂದಲೇ ಬರಲಿ, ಹೊರಡುವ ಮುನ್ನಾದಿನ ಬೀಸಿಸಿ. ಮಗುವಿನ ಆಹಾರದ ಪುಡಿಗೂ ಇದೇ ಮಾತು. ನಿಮ್ಮ ಮಗಳು ಒಗ್ಗಿಕೊಂಡ ಬ್ರಾಂಡ್ ಬೆಂಗ್ರೆಯ ಸಣ್ಣ ಅಂಗಡಿಯಲ್ಲಿ ಇರಲಿಕ್ಕಿಲ್ಲ, ಇದ್ದರೂ ಎಂದೋ ಬಂದ ಒಂದೇ ಡಬ್ಬಿ ಇದ್ದೀತು. ಮಾವನ ಮಾತ್ರೆಗಳು, ನಿಮ್ಮ ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಇಷ್ಟೇ ಮನೆಯ ಚೀಲ.

ಖಡಕ್ ರೊಟ್ಟಿ ತರುವುದಾದರೆ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟು ತರಬೇಡಿ. ಹುಬ್ಬಳ್ಳಿಯ ಒಣ ಗಾಳಿಯಲ್ಲಿ ವಾರಗಟ್ಟಲೆ ಗರಿಗರಿ ಇರುವ ರೊಟ್ಟಿ ಇಲ್ಲಿ ಒಂದು ರಾತ್ರಿಗೆ ಮೆತ್ತಗಾಗಿ, ಬೆಳಿಗ್ಗೆ ರಬ್ಬರಿನ ಹಾಗೆ ಬಾಗುತ್ತದೆ. ಬೆಂಗ್ರೆಯಲ್ಲಿ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಹೊಳೆ, ಗಾಳಿಯ ತೇವ ಎಲ್ಲಿಗೂ ಹೋಗುವುದಿಲ್ಲ. ಬಿಗಿ ಮುಚ್ಚಳದ ಸ್ಟೀಲ್ ಅಥವಾ ತಗಡಿನ ಡಬ್ಬಿಯಲ್ಲಿ ತನ್ನಿ, ಊಟಕ್ಕೆ ಬೇಕಾದಷ್ಟನ್ನು ತೆಗೆದ ಕೂಡಲೇ ಮುಚ್ಚಿ. ಶೇಂಗಾ ಹಿಂಡಿಯದೂ ಅದೇ ಪಾಡು. ಒದ್ದೆ ಚಮಚ ಒಮ್ಮೆ ಮುಟ್ಟಿದರೆ ಎರಡು ದಿನಕ್ಕೆ ಮುಗ್ಗಲು ವಾಸನೆ ಬರುತ್ತದೆ. ನೆಲಗಡಲೆಗೆ ಬೂಸು ಬಂದರೆ ಮೇಲಿನದ್ದು ತೆಗೆದು ಕೆಳಗಿನದ್ದು ತಿನ್ನುವ ವಸ್ತು ಅಲ್ಲ, ಪೂರ್ತಿ ಎಸೆಯಬೇಕು.

ಇನ್ನು ಜಾಗದ ವಿಚಾರ. ಕೋಡಿಬೆಂಗ್ರೆ ದ್ವೀಪವಲ್ಲ. ಸುವರ್ಣಾ ಮತ್ತು ಸೀತಾ ನದಿಗಳು ಕೂಡಿ ಕಡಲಿಗೆ ಸೇರುವ ಅಳಿವೆಯ ಬಾಯಿಗೆ ಚಾಚಿಕೊಂಡ ನೆಲದ ಪಟ್ಟಿ ಅದು. ಮೂರು ಕಡೆ ನೀರು, ಒಂದು ಕಡೆ ಹೂಡೆ, ಕೆಮ್ಮಣ್ಣಿಗೆ ಹೋಗುವ ರಸ್ತೆ. ನಿಜವಾದ ದ್ವೀಪಗಳು ಹೊಳೆಯ ನಡುವಿನ ಕುದ್ರುಗಳು, ತುಳುವಿನಲ್ಲಿ ಕುದ್ರು ಎಂದರೆ ಹೊಳೆಯ ದ್ವೀಪ. ಈ ಭೂಗೋಳ ನಿಮ್ಮ ಅಡುಗೆಗೆ ಬಹಳ ಮುಖ್ಯ, ಯಾಕೆಂದರೆ ಒಮ್ಮೆ ಬೆಂಗ್ರೆಯ ತುದಿಗೆ ಸೇರಿದ ಮೇಲೆ ಒಂದು ಪ್ಯಾಕೆಟ್ ಸಾಸಿವೆಗೆಂದು ಉಡುಪಿ ಪೇಟೆಗೆ ಹೋಗಿ ಬರಲು ಅರ್ಧ ದಿನ ಹಾಳಾಗುತ್ತದೆ. ಡಿಸೆಂಬರ್ ಕೊನೆಯಲ್ಲಿ ಆ ಕಿರಿದಾದ ರಸ್ತೆಯಲ್ಲಿ ಪ್ರವಾಸಿಗರ ಕಾರುಗಳ ಸಾಲೇ ಇರುತ್ತದೆ.

ನೀವು ಬಹುಶಃ ಯಲ್ಲಾಪುರ, ಅರಬೈಲು ಘಟ್ಟ ಇಳಿದು ಅಂಕೋಲೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66 ಹಿಡಿಯುತ್ತೀರಿ. ಹಾಗಾದರೆ ಉಡುಪಿ ಪೇಟೆಯೊಳಗೆ ಹೋಗುವ ಅಗತ್ಯವೇ ಇಲ್ಲ. ಕುಂದಾಪುರ, ಬ್ರಹ್ಮಾವರ, ಸಂತೆಕಟ್ಟೆ, ಮೂರೂ ಕಡೆ ಒಳ್ಳೆಯ ಸೂಪರ್‌ಮಾರ್ಕೆಟ್‌ಗಳಿವೆ. ಸಂತೆಕಟ್ಟೆಯಲ್ಲಿ ಕೆಮ್ಮಣ್ಣು ದಾರಿಗೆ ತಿರುಗುವ ಮೊದಲು ನಿಲ್ಲಿಸಿ. ಕುಂದಾಪುರದಲ್ಲೇ ಕೊಂಡರೆ ಹಾಲು, ಮೊಸರು, ದೋಸೆ ಹಿಟ್ಟು ಕಾರಿನ ಡಿಕ್ಕಿಯಲ್ಲಿ ಮತ್ತೊಂದು ಗಂಟೆ ಬೇಯುತ್ತವೆ. ದೋಸೆ ಹಿಟ್ಟಿನ ಪೊಟ್ಟಣ ಬಿಸಿಗೆ ಉಬ್ಬಿ ಒಡೆದದ್ದನ್ನು ನಾನೇ ತೊಳೆದಿದ್ದೇನೆ. ಆ ವಾಸನೆ ಕಾರಿನಿಂದ ಹೋಗಲು ತಿಂಗಳು ಹಿಡಿಯಿತು.

ಈಗ ಗೆಳತಿಯರ ದುಪ್ಪಟ್ಟು ಬೆಲೆಯ ಮಾತು. ಪೊಟ್ಟಣದಲ್ಲಿ ಬರುವ ಸರಕಿಗೆ ಇದು ಅನ್ವಯಿಸುವುದಿಲ್ಲ. 2011ರ ಕಾನೂನು ಮಾಪನ ಪೊಟ್ಟಣ ಸರಕು ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಕಡಲ ತೀರದಲ್ಲಿರಲಿ, ಬಸ್ ನಿಲ್ದಾಣದಲ್ಲಿರಲಿ, ಅಂಗಡಿಯವರು ಅದಕ್ಕಿಂತ ಒಂದು ರೂಪಾಯಿಯನ್ನೂ ಹೆಚ್ಚು ಕೇಳುವಂತಿಲ್ಲ. ತಣ್ಣಗೆ ಮಾಡಿದ್ದಕ್ಕೆ ಎಂದು ನೀರಿನ ಬಾಟಲಿಗೆ ಐದು ರೂಪಾಯಿ ಸೇರಿಸುವುದೂ ತಪ್ಪು. ಹೋಟೆಲ್, ರೆಸ್ಟೋರೆಂಟ್‌ಗಳ ಕತೆ ಬೇರೆ. ಕೂತು ಉಣ್ಣುವ ಜಾಗ, ಸೇವೆ ಎಲ್ಲ ಸೇರಿರುವುದರಿಂದ ಅವರು ಬಾಟಲಿಗೆ ಹೆಚ್ಚು ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಹೇಳಿದೆ. ಒಮ್ಮೆ ಕಡಲ ಬದಿಯ ಒಂದು ಅಂಗಡಿಯಲ್ಲಿ ನನ್ನಿಂದಲೂ ಹೀಗೆ ಹೆಚ್ಚು ಕೇಳಿದ್ದರು. ನಾನು ಜಗಳ ಮಾಡಲಿಲ್ಲ, ಬಿಲ್ ಕೊಡಿ ಎಂದೆ. ಮುದ್ರಿತ ಬೆಲೆಯನ್ನಷ್ಟೇ ತೆಗೆದುಕೊಂಡರು. ಬಿಲ್ಲೂ ಕೊಡದೆ ಹಣವೂ ಬಿಡದೆ ಹೋದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಬಿಡಿ ಸರಕಿಗೆ ಮುದ್ರಿತ ಬೆಲೆ ಇಲ್ಲ. ನೀರುಳ್ಳಿ, ಬಟಾಟೆ, ತೆಂಗಿನಕಾಯಿ, ಬಾಳೆಹಣ್ಣು ಇವು ಬೆಂಗ್ರೆಯಲ್ಲಿ ಸಂತೆಕಟ್ಟೆಗಿಂತ ನಾಲ್ಕಾರು ರೂಪಾಯಿ ಹೆಚ್ಚಿರಬಹುದು. ಅದನ್ನು ಮೋಸ ಎನ್ನಬೇಡಿ. ಒಂದು ಮೂಟೆ ನೀರುಳ್ಳಿಯನ್ನು ರಿಕ್ಷಾದಲ್ಲಿ ಅಷ್ಟು ದೂರ ತಂದು, ವಾರಕ್ಕೆ ಅರ್ಧ ಮೂಟೆ ಮಾರಿ, ಉಳಿದದ್ದರಲ್ಲಿ ಕೊಳೆತದ್ದನ್ನು ಆರಿಸಿ ಎಸೆಯುವ ಅಂಗಡಿ ಅದು. ಆ ಅಂಗಡಿ ಇಲ್ಲದಿದ್ದರೆ ರಾತ್ರಿ ಎಂಟಕ್ಕೆ ನಿಮ್ಮ ಮಗಳಿಗೆ ಹಾಲು ಬೇಕೆಂದಾಗ ಯಾರೂ ಇರುವುದಿಲ್ಲ.

ಬೆಲೆಯಲ್ಲಿ ನಿಜವಾಗಿ ಪೆಟ್ಟು ಬೀಳುವುದು ಚಿಕ್ಕ ಪೊಟ್ಟಣದಲ್ಲಿ. ಪ್ರವಾಸಿ ಜಾಗದ ಅಂಗಡಿಗಳಲ್ಲಿ ಎಣ್ಣೆ, ಚಹಾ ಪುಡಿ, ಸಾಬೂನು ಎಲ್ಲವೂ ಸಣ್ಣ ಗಾತ್ರದಲ್ಲೇ ಹೆಚ್ಚು. ಇನ್ನೂರು ಗ್ರಾಂ ಚಹಾ ಪುಡಿಗೆ 70 ರೂಪಾಯಿ, ಐನೂರು ಗ್ರಾಂಗೆ 150 ಎಂದಿಟ್ಟುಕೊಳ್ಳಿ. ಮೊದಲನೆಯದು ಗ್ರಾಂಗೆ 35 ಪೈಸೆ, ಎರಡನೆಯದು 30. ಈ ಲೆಕ್ಕ ನೀವು ಮಾಡಬೇಕಾಗಿಲ್ಲ. ಈಗ ಪೊಟ್ಟಣದ ಮೇಲೆ ಗರಿಷ್ಠ ಬೆಲೆಯ ಹತ್ತಿರವೇ ಒಂದು ಗ್ರಾಂಗೆ, ಅಥವಾ ಕಿಲೋ ಮೀರಿದ ಪೊಟ್ಟಣವಾದರೆ ಒಂದು ಕಿಲೋಗೆ, ಎಷ್ಟಾಗುತ್ತದೆ ಎಂದು ಮುದ್ರಿಸಿರಬೇಕು. ಅಕ್ಷರ ಚಿಕ್ಕದು, ಆದರೆ ಸೂಪರ್‌ಮಾರ್ಕೆಟ್‌ನಲ್ಲಿ ಓದಬೇಕಾದ ಅತ್ಯಂತ ಉಪಯುಕ್ತ ಸಂಖ್ಯೆ ಅದೇ. ಹಾಗಂತ ಆರು ದಿನಕ್ಕೆ ಐದು ಕಿಲೋ ಸಕ್ಕರೆ ಕೊಳ್ಳಬೇಡಿ. ಉಳಿದದ್ದು ತೇವ ಕುಡಿದು ಗಟ್ಟಿಯಾಗುತ್ತದೆ, ಇರುವೆ ಬರುತ್ತದೆ. ಮಾವನಿಗಂತೂ ಸಕ್ಕರೆ ಬೇಡ.

ಸೂಪರ್‌ಮಾರ್ಕೆಟ್ ಒಳಗೆ ಹೋದ ಕೂಡಲೇ ಎದುರಿಗೆ ಒಂದು ಗುಡ್ಡೆ ಕಾಣುತ್ತದೆ. ಒಂದು ಕೊಂಡರೆ ಒಂದು ಉಚಿತ. ಕ್ರಿಸ್‌ಮಸ್, ಹೊಸವರ್ಷದ ಹೊತ್ತಿಗೆ ಆ ಗುಡ್ಡೆ ಇನ್ನೂ ದೊಡ್ಡದಾಗುತ್ತದೆ. ಬಿಸ್ಕತ್ತು, ಚಿಪ್ಸ್, ಹಣ್ಣಿನ ರಸ ಇದ್ದರೆ ಮೊದಲು ದಿನಾಂಕ ನೋಡಿ. ಅವಧಿ ಮುಗಿಯಲು ಬಂದದ್ದನ್ನು ಬೇಗ ಖಾಲಿ ಮಾಡಲು ಹೀಗೆ ಮುಂದಿಡುವುದುಂಟು. ಆರು ದಿನದಲ್ಲಿ ತಿಂದು ಮುಗಿಸುವುದಾದರೆ ಲಾಭವೇ, ಮನೆಗೆ ಒಯ್ಯುವುದಾದರೆ ಬೇಡ. ಎರಡು ದಿನಾಂಕಗಳ ವ್ಯತ್ಯಾಸವೂ ತಿಳಿದಿರಲಿ. ಬೆಸ್ಟ್ ಬಿಫೋರ್ ಎಂದರೆ ಅಲ್ಲಿಯವರೆಗೆ ರುಚಿ, ಗರಿ, ಪರಿಮಳ ಸರಿ ಇರುತ್ತದೆ ಎಂದು. ಯೂಸ್ ಬೈ ಅಥವಾ ಎಕ್ಸ್‌ಪೈರಿ ಎಂದರೆ ಅದಾದ ಮೇಲೆ ತಿನ್ನಲೇಬಾರದು ಎಂದು. ಕಪಾಟಿನಲ್ಲಿ ಹಳೆ ಸರಕನ್ನು ಮುಂದೆ, ಹೊಸದನ್ನು ಹಿಂದೆ ಇಡುವುದು ಎಲ್ಲ ಅಂಗಡಿಗಳ ಪದ್ಧತಿ. ಹಾಲು, ಮೊಸರು, ಬ್ರೆಡ್‌ಗೆ ಹಿಂದಿನ ಸಾಲಿಗೆ ಕೈ ಹಾಕಲು ಸಂಕೋಚ ಬೇಡ.

ಬೆಂಗ್ರೆಯಂಥ ಕಡೆಯ ಅಂಗಡಿಗಳಲ್ಲಿ ಈ ದಿನಾಂಕ ಇನ್ನೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲಿ ಪ್ರವಾಸಿಗರು ವಿರಳ. ಏಪ್ರಿಲ್, ಮೇನಲ್ಲಿ ತರಿಸಿದ ಸಿಹಿತಿಂಡಿ, ನೂಡಲ್ಸ್, ಚಾಕೊಲೇಟ್ ಅಷ್ಟೂ ಕಾಲ ಆ ತೇವದಲ್ಲಿ ಕೂತು ಡಿಸೆಂಬರ್‌ನಲ್ಲಿ ನಿಮ್ಮ ಮಗನ ಕೈಗೆ ಬರಬಹುದು. ಅದೇ ಅಂಗಡಿಯ ಅವಲಕ್ಕಿ, ಬೆಲ್ಲ, ತೆಂಗಿನೆಣ್ಣೆ, ಮೊಟ್ಟೆ ತಾಜಾ ಇರುತ್ತವೆ, ಯಾಕೆಂದರೆ ಊರಿನವರು ಅವನ್ನು ದಿನಾ ಒಯ್ಯುತ್ತಾರೆ. ಅಳತೆಗೋಲು ಎಂದೆನಲ್ಲ, ಅದು ಇಲ್ಲಿಗೂ ನಿಲ್ಲುತ್ತದೆ.

ಟ್ರಾಲಿ ತುಂಬುವ ಕ್ರಮ ಹೇಳಿಬಿಡುತ್ತೇನೆ. ಮೊದಲು ಅಕ್ಕಿ, ಬೇಳೆ, ಎಣ್ಣೆಯಂಥ ಭಾರದ್ದು, ಆಮೇಲೆ ತರಕಾರಿ, ಕೊನೆಯಲ್ಲಿ ತಣ್ಣನೆಯ ಕಪಾಟಿನದ್ದು. ಹೆಚ್ಚಿನವರು ಬಾಗಿಲ ಹತ್ತಿರ ಹಾಲು ಕಂಡ ಕೂಡಲೇ ಟ್ರಾಲಿಗೆ ಹಾಕಿ ಮುಕ್ಕಾಲು ಗಂಟೆ ಸುತ್ತುತ್ತಾರೆ. ಮನೆಗೆ ಮುಟ್ಟಿದ ಮೇಲೆ ಕ್ರಮ ತಿರುಗುಮುರುಗು, ಮೊದಲು ಫ್ರಿಜ್, ಆಮೇಲೆ ಉಳಿದದ್ದು. ನಮ್ಮಲ್ಲಿ ಡಿಸೆಂಬರ್‌ನಲ್ಲೂ ಮಧ್ಯಾಹ್ನ 30 ಡಿಗ್ರಿ ದಾಟುತ್ತದೆ. ಹಾಲು, ಮೊಸರು, ಪನೀರ್, ಮೀನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಇರಬಾರದು. ಹೋಂಸ್ಟೇಯ ಫ್ರಿಜ್ ನಿಮಗೊಬ್ಬರಿಗೆಯೋ, ಪಕ್ಕದ ಕೋಣೆಯವರಿಗೂ ಸೇರಿಯೋ ಎಂದು ಇವತ್ತೇ ಫೋನ್ ಮಾಡಿ ಕೇಳಿ. ಕುಡಿಯುವ ನೀರಿನ ವ್ಯವಸ್ಥೆಯನ್ನೂ ಅದೇ ಕರೆಯಲ್ಲಿ ಕೇಳಿಬಿಡಿ. ಕಡಲ ಬದಿಯ ಬಾವಿಗಳಲ್ಲಿ ಕೆಲವು ಉಪ್ಪು ರುಚಿ ಕೊಡುತ್ತವೆ, ಆ ನೀರಿನಲ್ಲಿ ಬೇಳೆಯೂ ಬೇಗ ಬೇಯದು.

ಹಾಲಿಗೆ ನಂದಿನಿ ಎಲ್ಲ ಕಡೆ ಇದೆ. ಆದರೆ ರಜೆಯ ದಿನಗಳಲ್ಲಿ ಬೆಳಿಗ್ಗೆ ಎಂಟೂವರೆಗೆಲ್ಲ ಸಣ್ಣ ಅಂಗಡಿಗಳ ಹಾಲು ಮುಗಿದಿರುತ್ತದೆ. ಬಂದ ದಿನವೇ ಅಂಗಡಿಯವರಿಗೆ, ನಾಳೆಯಿಂದ ದಿನಾ ಎರಡು ಲೀಟರ್ ತೆಗೆದಿಡಿ ಎಂದು ಹೇಳಿ, ಸ್ವಲ್ಪ ಮುಂಗಡ ಕೊಟ್ಟುಬಿಡಿ. ಮಗಳಿಗೆ ಕೆನೆ ಹೆಚ್ಚಿರುವ ಹಾಲು, ಮಾವನಿಗೆ ಕಡಿಮೆಯದು ಬೇಕಾದೀತು. ಟೋನ್ಡ್ ಹಾಲಿನಲ್ಲಿ ಕೊಬ್ಬು ನೂರಕ್ಕೆ 3, ಸ್ಟಾಂಡರ್ಡೈಸ್ಡ್‌ನಲ್ಲಿ 4.5, ಫುಲ್ ಕ್ರೀಮ್‌ನಲ್ಲಿ 6. ಪ್ಯಾಕೆಟ್‌ನ ಬಣ್ಣದ ಮೇಲೆ ಹೋಗದೆ ಈ ಸಂಖ್ಯೆ ಓದಿ. ಜೊತೆಗೆ ಎರಡು ಪ್ಯಾಕ್ ಗುಡ್‌ಲೈಫ್ ಹಾಲನ್ನು ಸೂಪರ್‌ಮಾರ್ಕೆಟ್‌ನಿಂದ ತಂದಿಟ್ಟುಕೊಳ್ಳಿ. ಪ್ಯಾಕ್ ತೆರೆಯುವವರೆಗೆ ಅದಕ್ಕೆ ಫ್ರಿಜ್ ಬೇಡ, ತೆರೆದ ಮೇಲೆ ಫ್ರಿಜ್‌ನಲ್ಲಿಟ್ಟು ಎರಡು ದಿನದೊಳಗೆ ಮುಗಿಸಬೇಕು.

ಭಾಷೆ ಒಂದೇ ಆದರೂ ತರಕಾರಿ ಅಂಗಡಿಯಲ್ಲಿ ನೀವು ಒಂದೆರಡು ಸಲ ಎಡವುತ್ತೀರಿ, ಅದಕ್ಕೆ ಮೊದಲೇ ಹೇಳಿಡುತ್ತೇನೆ. ನಿಮ್ಮ ಉಳ್ಳಾಗಡ್ಡಿ ನಮ್ಮಲ್ಲಿ ನೀರುಳ್ಳಿ. ಸಿಹಿ ಕುಂಬಳ ಚೀನಿಕಾಯಿ. ಸವತೆಕಾಯಿ ಕೊಡಿ ಎಂದರೆ ಕೈಗೆ ಬರುವುದು ಹಳದಿ ಗೀರಿನ ದಪ್ಪ ಮಂಗಳೂರು ಸೌತೆ, ಅದು ಹುಳಿ, ಸಾಂಬಾರಿಗೆ. ಹಸಿ ತಿನ್ನುವುದಕ್ಕೆ ಮುಳ್ಳುಸೌತೆ ಎಂದು ಕೇಳಬೇಕು. ಈ ಮಂಗಳೂರು ಸೌತೆ ನಿಮ್ಮಂಥ ಪ್ರವಾಸಿಗರಿಗೆ ವರದಾನ, ಫ್ರಿಜ್ ಬೇಡ, ಆರು ದಿನ ಅಲ್ಲ ಆರು ವಾರ ಹೊರಗಿದ್ದರೂ ಕೆಡುವುದಿಲ್ಲ. ನನ್ನ ತವರಿನಲ್ಲಿ ಬಾಳೆನಾರಿನಿಂದ ಕಟ್ಟಿ ಅಟ್ಟದ ಜಂತಿಗೆ ಸಾಲಾಗಿ ನೇತುಹಾಕುತ್ತಿದ್ದರು, ಮಳೆಗಾಲದ ನಡುವೆ ಒಂದೊಂದಾಗಿ ಬಿಚ್ಚಿ ಅಡುಗೆ ಮಾಡುತ್ತಿದ್ದೆವು. ತೆಂಗಿನಕಾಯಿ ನಮ್ಮಲ್ಲಿ ಕಿಲೋ ಲೆಕ್ಕದಲ್ಲಿ ಮಾರುವುದುಂಟು, ಒಂದಕ್ಕೆ ಎಷ್ಟು ಎಂದು ಕೇಳಿದರೆ ತೂಕ ಮಾಡಿ ಹೇಳುತ್ತಾರೆ. 2025ರಲ್ಲಿ ತೆಂಗಿನ ಬೆಲೆ ವಿಪರೀತ ಏರಿದ್ದರಿಂದ ತೂಕದ ತಕ್ಕಡಿಯ ಮೇಲೆ ಕಣ್ಣಿಡುವ ಅಭ್ಯಾಸ ನಮಗೂ ಬಂದಿದೆ. ದಿನಕ್ಕೊಂದು ಕಾಯಿ ಸಾಕು. ಹೋಂಸ್ಟೇಯವರ ತೋಟದ್ದೇ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ.

ಅಕ್ಕಿ ಇಲ್ಲಿಯದೇ ಕೊಳ್ಳಿ ಎಂದೆ. ಅದರಲ್ಲಿ ಎರಡು ಬಗೆ. ಕುಚ್ಚಲಕ್ಕಿ ಎಂದರೆ ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಆಮೇಲೆ ಮಿಲ್ ಮಾಡಿದ್ದು. ಬೇಯಿಸುವಾಗ ಸಿಪ್ಪೆಯ ಬಿ1 ಜೀವಸತ್ವ ಕಾಳಿನೊಳಗೆ ಇಳಿಯುತ್ತದೆ, ಹಾಗಾಗಿ ಬೆಳ್ಳಗೆ ಪಾಲಿಶ್ ಮಾಡಿದ ಅಕ್ಕಿಗಿಂತ ಪೌಷ್ಟಿಕ. ಬೆಳ್ತಿಗೆ ಎಂದರೆ ನಿಮ್ಮ ಮಾಮೂಲಿ ಹಸಿ ಅಕ್ಕಿ, ನೀರುದೋಸೆಗೆ ಅದೇ ಬೇಕು. ನಿಮಗೆ ನನ್ನ ಸಲಹೆ ಮೂರು ಕಿಲೋ ಬೆಳ್ತಿಗೆ, ಒಂದು ಕಿಲೋ ಕುಚ್ಚಲಕ್ಕಿ. ಕುಚ್ಚಲಕ್ಕಿ ತೆರೆದ ಪಾತ್ರೆಯಲ್ಲಿ ಬೇಯಲು ಮುಕ್ಕಾಲು ಗಂಟೆ ಮೀರಿ ಬೇಕು, ಗ್ಯಾಸ್ ಹೋಗುತ್ತದೆ, ಹಸಿದ ಮಕ್ಕಳು ಕಾಯುವುದಿಲ್ಲ. ರಾತ್ರಿ ನೆನೆಹಾಕಿ ಬೆಳಿಗ್ಗೆ ಕುಕ್ಕರಿನಲ್ಲಿಡಿ, ಗಂಜಿ ಮಾಡಿ, ಉಪ್ಪಿನಕಾಯಿ ಅಥವಾ ಹುರುಳಿ ಚಟ್ನಿಯ ಜೊತೆ ಅತ್ತೆಯವರಿಗೆ ಕೊಟ್ಟು ನೋಡಿ. ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದು ಎಂಬ ಮಾತು ಅಂಗಡಿಗಳಲ್ಲಿ ಕೇಳುತ್ತೀರಿ. ಕುಚ್ಚಲಕ್ಕಿ ಬೆಳ್ತಿಗೆಗಿಂತ ನಿಧಾನವಾಗಿ ಸಕ್ಕರೆ ಏರಿಸುತ್ತದೆ ಎಂಬುದು ನಿಜ, ಆದರೆ ಅದೂ ಅಕ್ಕಿಯೇ. ಪ್ರಮಾಣ ಹೆಚ್ಚಾದರೆ ಮಾವನವರಿಗೆ ಅದೂ ತೊಂದರೆಯೇ, ಎರಡು ರೊಟ್ಟಿ ತಿಂದ ದಿನ ಗಂಜಿ ಬೇಡ.

ಉಳಿದ ದಿನಸಿ ತೊಗರಿಬೇಳೆ ಒಂದು ಕಿಲೋ, ಹೆಸರು ಅರ್ಧ ಕಿಲೋ, ಎಣ್ಣೆ ಒಂದು ಲೀಟರ್, ನೀರುಳ್ಳಿ ಎರಡು ಕಿಲೋ. ಮಸಾಲೆ ಪುಡಿಗಳನ್ನು ಅತಿ ಚಿಕ್ಕ ಪೊಟ್ಟಣದಲ್ಲಿ ಕೊಳ್ಳಿ, ಇಲ್ಲಿ ಮಾತ್ರ ಗ್ರಾಂ ಲೆಕ್ಕ ಮರೆತುಬಿಡಿ. ಬಟ್ಟೆ ಚೀಲ ತನ್ನಿ. 120 ಮೈಕ್ರಾನ್‌ಗಿಂತ ತೆಳುವಾದ ಪ್ಲಾಸ್ಟಿಕ್ ಚೀಲ 2022ರ ಕೊನೆಯಿಂದ ದೇಶದಾದ್ಯಂತ ನಿಷೇಧ, ಕೌಂಟರಿನಲ್ಲಿ ಕೊಡುವ ಚೀಲಕ್ಕೆ ದುಡ್ಡೂ ಹೋಗುತ್ತದೆ. ಬಿಲ್ ಆದ ಮೇಲೆ ಕಪಾಟಿನ ಚೀಟಿಯಲ್ಲಿದ್ದ ಬೆಲೆಗೂ ಬಿಲ್ಲಿನ ಬೆಲೆಗೂ ಹೋಲಿಸಿ ಅಲ್ಲೇ ನೋಡಿಬಿಡಿ.

ತರಕಾರಿಯಲ್ಲಿ ಒಂದನ್ನು ತಪ್ಪಿಸಬೇಡಿ, ಮಟ್ಟು ಗುಳ್ಳ. ಕಟಪಾಡಿ ಹತ್ತಿರದ ಮಟ್ಟು ಗ್ರಾಮದ ಈ ಬದನೆಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕ, ಅಂದರೆ ಆ ಊರಿನದ್ದೇ ವಿಶೇಷ ಬೆಳೆ ಎಂಬ ಅಧಿಕೃತ ಮಾನ್ಯತೆ, ಸಿಕ್ಕಿದೆ. ಸೋದೆ ಮಠದ ವಾದಿರಾಜ ಸ್ವಾಮಿಗಳು ಬೀಜ ಕೊಟ್ಟು ಬೆಳೆಸಿದ್ದೆಂಬ ನಂಬಿಕೆ ಇದೆ, ಇವತ್ತಿಗೂ ಕೃಷ್ಣ ಮಠದ ನೈವೇದ್ಯಕ್ಕೆ ಹೋಗುತ್ತದೆ. ದುಂಡಗೆ, ತಿಳಿ ಹಸಿರು, ತೊಟ್ಟಿನಲ್ಲಿ ಮುಳ್ಳು, ಸಿಪ್ಪೆ ತೆಳ್ಳಗೆ. ನಿಮ್ಮ ಕಡೆಯ ಮುಳಗಾಯಿ ಎಣ್ಣೆಗಾಯಿಯ ಹಾಗೆ ತುಂಬ ಹೊತ್ತು ಕುದಿಸಬೇಡಿ, ಬೇಗ ಕರಗಿಹೋಗುತ್ತದೆ. ಗುಳ್ಳ ಎಂದು ಬೇರೆ ಕಡೆಯ ಹಸಿರು ಬದನೆ ಮಾರುವುದೂ ಇರುವುದರಿಂದ ತೊಟ್ಟಿನ ಮುಳ್ಳು ಮುಟ್ಟಿ ನೋಡಿ ಕೊಳ್ಳಿ. ಡಿಸೆಂಬರ್ ಕೊನೆಯ ಹೊತ್ತಿಗೆ ಮಾರುಕಟ್ಟೆಗೆ ಬಂದಿರುತ್ತದೆ. ಬಸಳೆ, ಹರಿವೆ, ಅಲಸಂಡೆಯಂಥವನ್ನು ಸೂಪರ್‌ಮಾರ್ಕೆಟ್‌ನ ತಣ್ಣನೆಯ ಕಪಾಟಿನಿಂದ ತರುವುದು ಬೇಡ. ಕೆಮ್ಮಣ್ಣು, ಹೂಡೆ ಕಡೆ ರಸ್ತೆ ಬದಿಯಲ್ಲಿ ಮನೆಯ ಹಿತ್ತಲಿನ ಕಟ್ಟುಗಳನ್ನು ಇಟ್ಟುಕೊಂಡು ಕೂರುವ ಹೆಂಗಸರಿದ್ದಾರೆ. ಅವರಿಗೆ ಕೊಡಲು ಚಿಲ್ಲರೆ ಇಟ್ಟುಕೊಂಡಿರಿ, ನೆಟ್‌ವರ್ಕ್ ಎಲ್ಲ ಕಡೆ ಸಿಗುವುದಿಲ್ಲ.

ಮೀನಿನ ವಿಷಯಕ್ಕೆ ಬಂದೆ. ಇದರಲ್ಲಿ ಮಾತ್ರ ನಾನು ಹಟಮಾರಿ. ಕೋಡಿಬೆಂಗ್ರೆಯಲ್ಲಿ ಇಳಿದುಕೊಂಡು ಸೂಪರ್‌ಮಾರ್ಕೆಟ್‌ನ ಫ್ರೀಜರ್ ಮೀನು ಕೊಳ್ಳಬೇಡಿ. ಫ್ರೀಜರ್ ಮೀನು ಕೆಟ್ಟದ್ದೆಂದಲ್ಲ, ಕಡಲಿಲ್ಲದ ಊರಿಗೆ ಅದು ಸರಿಯಾದ ಆಯ್ಕೆಯೇ. ಆದರೆ ನಿಮ್ಮ ಬಾಗಿಲಿಗೆ ಮೀನು ಬರುವಾಗ ಯಾಕೆ? ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ, ಡಿಸೆಂಬರ್‌ನಲ್ಲಿ ಕೆಲಸ ಭರದಲ್ಲಿರುತ್ತದೆ. ಮಲ್ಪೆ ಬಂದರಿನಿಂದ ಬೆಳಿಗ್ಗೆ ಹೊತ್ತು ಮೀನು ತರುವ ಹೆಂಗಸರು, ಹಾರ್ನ್ ಹೊಡೆಯುತ್ತ ಬರುವ ಬೈಕಿನವರು ಬೆಂಗ್ರೆಗೂ ಬರುತ್ತಾರೆ. ತೀರದಲ್ಲಿ ಕೈರಂಪಣಿ ಬಲೆ ಎಳೆಯುವುದು ಕಂಡರೆ ಮಗನನ್ನು ಕರೆದುಕೊಂಡು ಹೋಗಿ. ಎಳೆದು ಮುಗಿದ ಮೇಲೆ ಮರಳ ಮೇಲೆಯೇ ಕೊಳ್ಳಬಹುದು.

ತಾಜಾ ಮೀನಿನ ಕಣ್ಣು ಉಬ್ಬಿ ಹೊಳೆಯುತ್ತದೆ, ಕಿವಿರು ಎತ್ತಿದರೆ ಕೆಂಪು, ಬೆರಳಿನಿಂದ ಒತ್ತಿದ ಗುಳಿ ತಕ್ಷಣ ತುಂಬಿಕೊಳ್ಳುತ್ತದೆ, ವಾಸನೆ ಕಡಲಿನದ್ದು ಇರಬೇಕು. ಬೂತಾಯಿ ಹಳತಾದರೆ ಹೊಟ್ಟೆ ಒಡೆದಿರುತ್ತದೆ. ಬಂಗುಡೆ, ಬೂತಾಯಿಯಂಥ ಮೀನು ಐಸ್ ಇಲ್ಲದೆ ಬಿಸಿಲಲ್ಲಿ ಉಳಿದರೆ ಮೈಯಲ್ಲಿ ಹಿಸ್ಟಮಿನ್ ಎಂಬ ವಸ್ತು ಬೆಳೆಯುತ್ತದೆ. ಎಷ್ಟು ಬೇಯಿಸಿದರೂ, ಹುರಿದರೂ ಅದು ಹೋಗುವುದಿಲ್ಲ. ತಿಂದ ಅರ್ಧ ಗಂಟೆಯಲ್ಲೇ ಮುಖ ಕೆಂಪಾಗಿ, ಮೈ ತುರಿಸಿ, ತಲೆನೋವು ಬರಬಹುದು. ಮೀನು ನನಗೆ ಆಗುವುದಿಲ್ಲ ಎಂದು ಜನ ತೀರ್ಮಾನಿಸುವುದುಂಟು, ತಪ್ಪು ಮೀನಿನದ್ದಲ್ಲ, ಐಸ್ ಹಾಕದ ಕೈಯದ್ದು. ಹಾಗಾಗಿ ಕೊಂಡ ಮೀನನ್ನು ತೊಳೆದು ತಕ್ಷಣ ಫ್ರಿಜ್‌ಗೆ ಸೇರಿಸಿ, ಅದೇ ದಿನ ಮುಗಿಸಿ, ನಾಳೆಯದ್ದು ನಾಳೆ. ಮೊದಲ ಸಲ ಹುರಿಯುವುದಾದರೆ ಬಂಗುಡೆಗಿಂತ ಕಾಣೆ ಸುಲಭ, ಮುಳ್ಳು ಕಡಿಮೆ, ಇರುವಷ್ಟನ್ನು ಬಿಡಿಸಿ ಮಕ್ಕಳಿಗೆ ಕೊಡಬಹುದು. ಅಂಜಲ್, ಮಾಂಜಿ ದುಬಾರಿ, ರಜೆಯ ವಾರದಲ್ಲಿ ಇನ್ನೂ ದುಬಾರಿ.

ಅಳಿವೆಯ ಮರವಾಯಿ ಎಂಬ ಚಿಪ್ಪುಮೀನನ್ನೂ ಬಿಡಬೇಡಿ. ಚಿಪ್ಪು ಮುಚ್ಚಿರಬೇಕು, ತೆರೆದಿದ್ದರೆ ತಟ್ಟಿ ನೋಡಿ, ಮುಚ್ಚಿಕೊಂಡರೆ ಜೀವಂತ ಇದೆ ಎಂದರ್ಥ. ಉಪ್ಪು ನೀರಿನಲ್ಲಿ ಎರಡು ಗಂಟೆ ಬಿಟ್ಟರೆ ಹೊಯಿಗೆ, ಅಂದರೆ ಮರಳು, ಉಗುಳುತ್ತದೆ. ಬೇಯಿಸಿದ ಮೇಲೂ ಬಾಯಿ ತೆರೆಯದವನ್ನು ಎಸೆದುಬಿಡಿ. ಅದರ ಸುಕ್ಕ, ಅಂದರೆ ಒಣ ಪಲ್ಯ, ಮಾಡುವ ಕ್ರಮವನ್ನು ಹೋಂಸ್ಟೇಯ ಮನೆಯವರ ಪಕ್ಕದಲ್ಲಿ ನಿಂತು ಕಲಿಯಿರಿ, ಬರೆದು ಹೇಳಿದರೆ ಬರುವುದಿಲ್ಲ. ಅತ್ತೆ, ಮಾವನವರಿಗಾಗಿ ಒಂದು ಬೇರೆ ಬಾಣಲೆ, ಬೇರೆ ಚೂರಿ ಮನೆಯಿಂದ ತನ್ನಿ, ಆರು ದಿನವೂ ಅವರು ನೆಮ್ಮದಿಯಿಂದ ಉಣ್ಣುತ್ತಾರೆ.

ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದಿನದ ತಯಾರಿ ಚಿಕ್ಕದು. ಮಲ್ಪೆಯಿಂದ ದೋಣಿ, ರಾತ್ರಿ ಉಳಿಯಲು ಅವಕಾಶವಿಲ್ಲ, ನೆರಳೂ ಕಡಿಮೆ. ನೀರನ್ನು ಸ್ಟೀಲ್ ಬಾಟಲಿಗಳಲ್ಲಿ ತುಂಬಿಕೊಳ್ಳಿ. ಹೊರಡುವ ಮೊದಲು ಗಟ್ಟಿಯಾಗಿ ತಿಂದು ಹೋಗಿ, ಮಾವನ ಔಷಧಿಯ ವೇಳೆಗೆ ಸಿಗುವ ಹಾಗೆ ಒಂದು ಬಾಳೆಹಣ್ಣೋ ಬಿಸ್ಕತ್ತೋ ಜೇಬಿನಲ್ಲಿರಲಿ. ಆ ಕಂಬಗಲ್ಲುಗಳು ಕೋಟಿಗಟ್ಟಲೆ ವರ್ಷ ಹಳೆಯ ಲಾವಾ ತಣಿದು ಆದವು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದ ಜಾಗ. ಅಲ್ಲಿಗೆ ಒಯ್ದ ಒಂದು ಚಿಪ್ಸ್ ಪ್ಯಾಕೆಟ್ ಕೂಡ ನಿಮ್ಮ ಚೀಲದಲ್ಲೇ ವಾಪಸ್ ಬರಲಿ ಎಂದು ಕೈಮುಗಿದು ಕೇಳುತ್ತೇನೆ.

ಹೊರಡುವ ಹಿಂದಿನ ದಿನ ಹೊಸದಾಗಿ ಏನೂ ಕೊಳ್ಳಬೇಡಿ, ಇದ್ದದ್ದರಲ್ಲಿ ಅಡುಗೆ ಮುಗಿಸಿ. ಪೊಟ್ಟಣ ತೆರೆಯದ ಬೇಳೆ, ಸಕ್ಕರೆ ಉಳಿದರೆ ಹೋಂಸ್ಟೇಯ ಮನೆಯವರಿಗೆ ಕೊಟ್ಟುಬಿಡಿ. ಊರಿಗೆ ಒಯ್ಯಲು ನಾಲ್ಕು ಕಿಲೋ ಕುಚ್ಚಲಕ್ಕಿ, ಒಣಗಿಸಿದ ಪುನರ್ಪುಳಿ (ಕೋಕಂ) ಸಿಪ್ಪೆ, ಕಾರಿನಲ್ಲಿ ತಂಪು ಜಾಗ ಇದ್ದರೆ ನಾಲ್ಕು ಗುಳ್ಳ. ಮಾವನ ರೊಟ್ಟಿ ಖಾಲಿಯಾದ ತಗಡಿನ ಡಬ್ಬಿಯಲ್ಲಿ ಹಲಸಿನ ಹಪ್ಪಳ ತುಂಬಿಸಿ ಮುಚ್ಚಳ ಬಿಗಿಮಾಡಿ. ಅರಬೈಲು ಘಟ್ಟ ಹತ್ತುವವರೆಗೆ ಆ ಮುಚ್ಚಳ ಬೇಕು, ಹುಬ್ಬಳ್ಳಿ ಸೇರಿದ ಮೇಲೆ ತೆಗೆದಿಟ್ಟರೂ ಗರಿ ಹೋಗುವುದಿಲ್ಲ.